ಗೃಹಸ್ಥರ ಅಂಗಳ: ನಳದ ಸದ್ದಿಗೆ ಮದ್ದು



ಮನೆ ಕಟ್ಟಿಸುವಾಗ ನಾವು ಬಾಗಿಲಿನ ಮರ ನೋಡುತ್ತೇವೆ, ನೆಲದ ಕಲ್ಲು ನೋಡುತ್ತೇವೆ, ದೇವರ ಕೋಣೆಯ ದಿಕ್ಕು ನೋಡುತ್ತೇವೆ. ಗೋಡೆಯೊಳಗೆ ಹೂತುಹೋಗುವ ನೀರಿನ ಪೈಪನ್ನು ಮಾತ್ರ ಗೌಂಡಿಯ ಇಚ್ಛೆಗೆ ಬಿಟ್ಟುಬಿಡುತ್ತೇವೆ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಒಂದು ರಾತ್ರಿ ಆ ಗೋಡೆಯೇ ಮಾತಾಡತೊಡಗುತ್ತದೆ. ನಳ ಮುಚ್ಚಿದೊಡನೆ ‘ಡಬ್’ ಎಂದು ಬಡಿಯುತ್ತದೆ, ಟಾಕಿ ತುಂಬುವಾಗ ‘ಗೂಂ’ ಎಂದು ಕೊರಗುತ್ತದೆ, ಗೀಸರ್ ಹಾಕಿದರೆ ‘ಟಿಕ್ ಟಿಕ್’ ಎನ್ನುತ್ತದೆ. ಮುದುಕರಿಗೆ ನಿದ್ದೆ ಇಲ್ಲ, ಮಕ್ಕಳಿಗೆ ಹೆದರಿಕೆ, ಸಾಮಾಯಿಕಕ್ಕೆ ಕುಳಿತವರಿಗೆ ಏಕಾಗ್ರತೆ ಇಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ನಾವು ‘ನಳ’ ಎನ್ನುವುದನ್ನು ಕಾಸರಗೋಡು, ಮಂಜೇಶ್ವರದ ಬಂಧುಗಳು ‘ನಲ್ಲಿ’ ಎನ್ನುತ್ತಾರೆ. ಹೆಸರು ಬೇರೆಯಾದರೂ ತೊಂದರೆ ಒಂದೇ. ನಮ್ಮ ಹೆಚ್ಚಿನ ಮನೆಗಳು ಕೆಳಗೆ ಅಂಗಡಿ, ಮೇಲೆ ವಾಸ ಎಂಬಂಥವು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿರುತ್ತಾರೆ. ಗೋಡೆ ಒಂದೇ, ಟಾಕಿ ಒಂದೇ, ಪೈಪು ಒಂದೇ. ಆದ್ದರಿಂದ ಒಬ್ಬರ ಮನೆಯ ಸದ್ದು ಇನ್ನೊಬ್ಬರ ಮನೆಯ ಮಾತಾಗುತ್ತದೆ. ಈ ಸಂಚಿಕೆಯಲ್ಲಿ ಆ ಸದ್ದಿನ ಮೂಲ ಹುಡುಕುವ ಬಗೆಯನ್ನು ವಿವರಿಸುತ್ತೇವೆ.

ಸದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ

ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಸದ್ದು ಎಲ್ಲಿ ಕೇಳುತ್ತದೆಯೋ ಅಲ್ಲಿಯೇ ಅದು ಹುಟ್ಟಿರಬೇಕೆಂದಿಲ್ಲ. ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಎಂದರೆ ತಾರಸಿಯ ಮೇಲೆ ಆದ ಏಟು ಕಣ್ಣು ಮಿಟುಕಿಸುವುದರೊಳಗೆ ಕೆಳಗಿನ ಅಂಗಡಿಯ ಗೋಡೆಗೆ ಬಂದಿರುತ್ತದೆ. ಮೇಲಾಗಿ ಪೈಪು ತಾನೇ ದೊಡ್ಡ ಸದ್ದು ಮಾಡುವುದಿಲ್ಲ. ಎಲ್ಲಿ ಕ್ಲ್ಯಾಂಪು ಸಡಿಲಾಗಿ ಪೈಪು ಗೋಡೆಗೆ, ಕಪಾಟಿಗೆ ಅಥವಾ ಮರದ ತೊಲೆಗೆ ತಾಗುತ್ತದೋ ಅಲ್ಲಿ ಸದ್ದು ಹೊರಬರುತ್ತದೆ. ತಂಬೂರಿಯ ತಂತಿಯ ನಾದ ಬುರುಡೆಯಿಂದ ಕೇಳುವ ಹಾಗೆ.

ಇದನ್ನು ಮರೆತು ಸದ್ದು ಕೇಳಿದ ಗೋಡೆಯನ್ನೇ ಒಡೆಸುವವರು ಬಹಳ. ಗೋಡೆ ಒಡೆದ ಖರ್ಚು ಒಂದು, ಮುಚ್ಚಿ ಬಣ್ಣ ಬಳಿಸಿದ ಖರ್ಚು ಇನ್ನೊಂದು, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಉಳಿ-ಸುತ್ತಿಗೆ ಕಡೆಯ ಉಪಾಯ.

ಸದ್ದಿನ ಕಿರ್ದಿ

ವ್ಯಾಪಾರಸ್ಥರಾದ ನಮಗೆ ಇದರ ಮೊದಲ ಉಪಾಯ ಹೊಸದಲ್ಲ. ಲೆಕ್ಕ ತಪ್ಪಿದಾಗ ನಾವೇನು ಮಾಡುತ್ತೇವೆ? ಕಿರ್ದಿ ತೆಗೆದು ದಿನದಿನದ ಕಲಮು ನೋಡುತ್ತೇವೆ. ಸದ್ದಿಗೂ ಹಾಗೆಯೇ ಒಂದು ಕಿರ್ದಿ ಇಡಬೇಕು. ಹಳೆಯ ನೋಟುಬುಕ್ಕಿನಲ್ಲಿ ಐದು ಅಂಕಣ ಗೆರೆ ಹಾಕಿ: ದಿನ, ಹೊತ್ತು, ಎಂಥ ಸದ್ದು, ಎಷ್ಟು ಸಲ, ಆಗ ಮನೆಯಲ್ಲಿ ಎಲ್ಲಿ ನೀರು ಹರಿಯುತ್ತಿತ್ತು. ಒಂದು ವಾರ ಬರೆದರೆ ಸಾಕು. ಅರ್ಧ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.

ನಂತರ ಒಂದೊಂದಾಗಿ ವಾಲ್ವ್ ಮುಚ್ಚಿ ನೋಡುವುದು. ಊರ ನೀರಿನ ಲೈನಿನ ವಾಲ್ವ್ ಮುಚ್ಚಿದಾಗ ಸದ್ದು ನಿಂತರೆ ಕಾರಣ ಆ ಲೈನಿನಲ್ಲಿದೆ. ತಾರಸಿಯ ಟಾಕಿಯಿಂದ ಇಳಿಯುವ ವಾಲ್ವ್ ಮುಚ್ಚಿದಾಗ ನಿಂತರೆ ಮನೆಯೊಳಗಿನ ನಳಗಳಲ್ಲಿದೆ. ಮೋಟಾರು ನಿಂತಾಗ ಮಾತ್ರ ಸದ್ದಾದರೆ ಏರುಪೈಪಿನಲ್ಲಿದೆ. ಹೀಗೆ ಪಾಲು ಮಾಡುತ್ತ ಹೋದರೆ ಹುಡುಕುವ ಜಾಗ ಕಿರಿದಾಗುತ್ತ ಬರುತ್ತದೆ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಹಿಡಿದರೆ ಪೈಪಿನೊಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ನಾಲ್ಕೈದು ಕಡೆ ಹೀಗೆ ಕೇಳಿ, ಎಲ್ಲಿ ಜೋರಾಗಿದೆಯೋ ಆ ದಿಕ್ಕಿಗೆ ಸರಿಯಬೇಕು. ಕರೆಂಟಿನ ತಂತಿ ಇರುವಲ್ಲಿ, ಮೋಟಾರಿನ ಪೆಟ್ಟಿಗೆಯ ಹತ್ತಿರ ಮಾತ್ರ ಇದನ್ನು ಮಾಡಬಾರದು.

ಒಂದು ಮನೆಯ ಸಂಗತಿ

ಜತ್ತ ತಾಲೂಕಿನ ಒಂದು ಊರಿನ ಮನೆ. ಕೆಳಗೆ ಕಿರಾಣಿ ಅಂಗಡಿ, ಅದರ ಹಿಂದೆ ಅಣ್ಣನ ಸಂಸಾರ ಮತ್ತು ವಯಸ್ಸಾದ ತಾಯಿ. ಮಹಡಿಯಲ್ಲಿ ತಮ್ಮನ ಸಂಸಾರ. ಪಾಲಾದರೂ ಪ್ರೀತಿಯಿಂದಿದ್ದ ಮನೆ. ಹೆಸರು ಹೇಳುವುದು ಬೇಡ, ಸಂಗತಿ ಹೇಳಲು ಅವರ ಒಪ್ಪಿಗೆ ಇದೆ.

ತಾಯಿಯ ಕೋಣೆಯ ಗೋಡೆ ರಾತ್ರಿ ಎಂಟರಿಂದ ಒಂಬತ್ತರ ನಡುವೆ ಡಬ್ ಡಬ್ ಎಂದು ಬಡಿಯತೊಡಗಿತು. ಜಪಕ್ಕೆ ಕುಳಿತ ತಾಯಿ ಬೆಚ್ಚಿಬೀಳುತ್ತಿದ್ದರು. ಮೇಲಿನ ಮನೆಯ ಪೈಪು ಆ ಗೋಡೆಯ ಮೇಲೇ ಹಾದುಹೋಗುವುದರಿಂದ ಎಲ್ಲರ ದೃಷ್ಟಿ ಮೇಲೆ ಹೋಯಿತು. ಹಿರಿಯ ಸೊಸೆ ಒಂದು ದಿನ ಬಾಯಿಬಿಟ್ಟು ಹೇಳಿಯೇಬಿಟ್ಟರು: “ಹೊತ್ತು ಮುಣುಗಿ ಎರಡ ತಾಸ ಆಗಿರ್ತೈತಿ. ಆ ಮ್ಯಾಲೂ ಮ್ಯಾಲಿನ ಮನ್ಯಾಗ ಇಷ್ಟ ನೀರ ಯಾಕ ಹರೀಬೇಕ್ರಿ?”

ನಮ್ಮವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಭೋಜನ ತ್ಯಾಗವನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಮನೆ ಅದು. ರಾತ್ರಿ ನೀರು ಹರಿಯುತ್ತದೆ ಎಂದರೆ ಪಾತ್ರೆ ತೊಳೆಯುತ್ತಿದ್ದಾರೆ, ಪಾತ್ರೆ ತೊಳೆಯುತ್ತಾರೆ ಎಂದರೆ ಕತ್ತಲಾದ ಮೇಲೆ ಅಡಿಗೆ-ಊಟ ನಡೆಯುತ್ತದೆ ಎಂದು ಲೆಕ್ಕ ಹಾಕಿದ್ದರು. ಮಾತು ಬೀಗರ ಮನೆಯವರೆಗೂ ಮುಟ್ಟಿತ್ತು. ಕಿರಿಯ ಸೊಸೆ ಅತ್ತುಕೊಂಡು ಹೇಳಿದ್ದು ಇಷ್ಟೇ: “ಸಂಜೀ ಊಟ ಆದಮ್ಯಾಲ ನಾವು ನಳ ಮುಟ್ಟೂದ ಇಲ್ರಿ. ಅಕ್ಕಾವ್ರಿಗೆ ಹ್ಯಾಂಗ ತಿಳಿಸಿ ಹೇಳ್ಲಿ?” ಇತ್ತ ಅಣ್ಣ ಗೌಂಡಿಯನ್ನು ಗೊತ್ತುಮಾಡಿ, ಮೇಲಿನ ಮನೆಯ ಪೈಪನ್ನೇ ಕಿತ್ತು ಬೇರೆ ದಾರಿಯಿಂದ ಒಯ್ಯಿಸುವ ಮಾತಾಡುತ್ತಿದ್ದರು.

ನಾವು ಪರಿಚಯದ ಹಿರಿಯ ನಳದ ಕೆಲಸಗಾರರೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋದೆವು. ಅವರು ಚೀಲದಿಂದ ಏನೂ ಹೊರತೆಗೆಯಲಿಲ್ಲ. “ಮೊದಲ ಹೊತ್ತು ಬರೀರಿ ಅಣ್ಣಾರ, ಆಮ್ಯಾಲ ಗ್ವಾಡಿ ಮುಟ್ಟೂನು” ಎಂದರು. ಮೇಲಿನವರೂ ಕೆಳಗಿನವರೂ ಬೇರೆ ಬೇರೆಯಾಗಿ ಎಂಟು ದಿನ ಕಿರ್ದಿ ಬರೆದರು. ಎರಡೂ ಹಾಳೆ ಪಕ್ಕದಲ್ಲಿಟ್ಟು ನೋಡಿದಾಗ ಸದ್ದು ದಿನಾಲೂ ಇರಲಿಲ್ಲ. ಎಂಟು ದಿನದಲ್ಲಿ ಮೂರು ರಾತ್ರಿ ಮಾತ್ರ ಇತ್ತು. ಆ ಮೂರು ರಾತ್ರಿಗಳು ಯಾವುವು? ಆ ಓಣಿಗೆ ಊರ ನೀರು ಬಿಟ್ಟ ರಾತ್ರಿಗಳು.

ಮುಂದಿನ ನೀರಿನ ರಾತ್ರಿ ಎಲ್ಲರೂ ಕೂಡಿದರು. ಮೇಲಿನ ಮನೆಯ ನಳಗಳೆಲ್ಲ ಮುಚ್ಚಿದ್ದವು, ಹಿರಿಯ ಸೊಸೆಯೇ ಹತ್ತಿ ನೋಡಿ ಬಂದರು. ಗೋಡೆ ಬಡಿಯಿತು. ರಸ್ತೆಯ ಕಡೆಯ ವಾಲ್ವ್ ಮುಚ್ಚಿದರು, ಸದ್ದು ನಿಂತಿತು. ತೆರೆದರು, ಮತ್ತೆ ಬಂತು. ನೆಲದ ತೊಟ್ಟಿಯ ಮುಚ್ಚಳ ಎತ್ತಿ ನೋಡಿದರೆ ನೀರು ಬಹುಮಟ್ಟಿಗೆ ತುಂಬಿದೆ, ಬಾಲ್ ಕಾಕಿನ ಚೆಂಡು ಅಲೆಯ ಮೇಲೆ ಕುಣಿಯುತ್ತಿದೆ. ಚೆಂಡು ಮೇಲೆದ್ದಾಗ ವಾಲ್ವ್ ಮುಚ್ಚುತ್ತದೆ, ಕೆಳಗಿಳಿದಾಗ ತೆರೆಯುತ್ತದೆ. ಮುಚ್ಚಿದಾಗೊಮ್ಮೆ ಒಂದು ಏಟು. ಕೆಲಸಗಾರರು ಚೆಂಡನ್ನು ಕೈಯಿಂದ ಎತ್ತಿ ಹಿಡಿದರು, ಗೋಡೆ ಸುಮ್ಮನಾಯಿತು. ಪೂರ್ತಿ ಒತ್ತಿ ಹಿಡಿದರು, ನೀರು ಭರ್ರೆಂದು ಬಂತು ಆದರೆ ಏಟಿಲ್ಲ. ಕೈಬಿಟ್ಟರು, ಡಬ್ ಡಬ್.

ಆ ಏಟು ತಾಯಿಯ ಕೋಣೆಗೆ ಹೋದದ್ದು ಹೇಗೆ? ತಾರಸಿಯ ಟಾಕಿ ಬರುವ ಮೊದಲು ಊರ ನೀರು ನೇರವಾಗಿ ಮಹಡಿಗೆ ಹೋಗುತ್ತಿತ್ತು. ಆ ಹಳೆಯ ಕವಲಿನ ತುದಿಗೆ ಬಿರಡೆ ಹಾಕಿ ಹಾಗೆಯೇ ಬಿಟ್ಟಿದ್ದರು. ತಾಯಿಯ ಕೋಣೆಯಲ್ಲಿ ಕಪಾಟಿನ ಹಿಂದೆ ಅದರ ಎರಡು ಕ್ಲ್ಯಾಂಪು ಕಳಚಿದ್ದವು. ತೊಟ್ಟಿಯಲ್ಲಿ ಬಿದ್ದ ಏಟಿಗೆ ಆ ಕವಲು ಅದುರಿ ಕಪಾಟಿಗೆ ಬಡಿಯುತ್ತಿತ್ತು. ಮೇಲಿನ ಮನೆಯವರು ಆ ಪೈಪಿನ ಒಂದು ಹನಿ ನೀರನ್ನೂ ವರ್ಷಗಳಿಂದ ಮುಟ್ಟಿರಲಿಲ್ಲ.

ಹೊಸ ಬಾಲ್ ಕಾಕು ಹಾಕಿಸಿ, ಹಳೆಯ ಕವಲನ್ನು ಬುಡದಲ್ಲೇ ಕತ್ತರಿಸಿ ಮುಚ್ಚಿಸಿದರು. ಒಂದು ಸಾಧಾರಣ ಸೀರೆಯ ಬೆಲೆಯೂ ಬೀಳಲಿಲ್ಲ. ತಾಯಿ ಎರಡೂ ಸೊಸೆಯಂದಿರನ್ನು ಕೂಡಿಸಿಕೊಂಡು, “ಸದ್ದ ಕೇಳಿದ್ದು ಖರೆ. ಎಲ್ಲಿಂದ ಬಂತು ಅಂತ ಯಾರೂ ನೋಡ್ಲಿಲ್ಲ” ಎಂದರು. ಹಿರಿಯ ಸೊಸೆ ಬೀಗರ ಮನೆಗೆ ತಾವೇ ಹೋಗಿ ಮಾತು ತಿದ್ದಿ ಬಂದರೆಂದು ಆಮೇಲೆ ತಿಳಿಯಿತು. ಸದ್ದಿಗಿಂತ ಈ ಎರಡನೆಯ ರಿಪೇರಿ ಕಷ್ಟದ್ದಾಗಿತ್ತು.

‘ಡಬ್’ ಎಂಬ ಏಟಿನ ಗುಟ್ಟು

ಈ ಏಟಿಗೆ ಜಲಾಘಾತ ಎನ್ನುತ್ತಾರೆ. ಅರ್ಧ ಇಂಚಿನ ಪೈಪು 20 ಮೀಟರ್ ಉದ್ದವಿದ್ದರೆ ಅದರೊಳಗೆ ಸುಮಾರು ಮೂರೂವರೆ ಲೀಟರ್ ನೀರಿರುತ್ತದೆ. ತೂಕ ಮೂರೂವರೆ ಕಿಲೋ. ನಳ ತೆರೆದಾಗ ಆ ಮೂರೂವರೆ ಕಿಲೋ ತೂಕ ಓಡುತ್ತಿರುತ್ತದೆ. ಒಮ್ಮೆಲೆ ಬಾಗಿಲು ಮುಚ್ಚಿದರೆ ಅದು ಎಲ್ಲಿಗೆ ಹೋಗಬೇಕು? ಓಡುತ್ತ ಬಂದ ಮನುಷ್ಯ ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆದಂತೆ ಬಡಿಯುತ್ತದೆ. ಆ ಒತ್ತಡದ ಅಲೆ ಪೈಪಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿ ನಿಧಾನವಾಗಿ ಅಡಗುತ್ತದೆ.

ರಶಿಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1897-98ರಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿ ಇದರ ಲೆಕ್ಕ ಕೊಟ್ಟರು. ಆ ಲೆಕ್ಕದಂತೆ, ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಿಂದ ಹರಿಯುವ ನೀರನ್ನು ಕ್ಷಣಮಾತ್ರದಲ್ಲಿ ತಡೆದರೆ ಸುಮಾರು 130 ಮೀಟರ್ ಎತ್ತರದ ನೀರಿನ ಕಂಬದಷ್ಟು ಒತ್ತಡ ಏಳುತ್ತದೆ. ನಮ್ಮ ತಾರಸಿಯ ಟಾಕಿ ಕೆಳಗಿನ ನಳಕ್ಕಿಂತ 6 ಮೀಟರ್ ಎತ್ತರದಲ್ಲಿದ್ದರೆ ಅದರ ಸಹಜ ಒತ್ತಡ 6 ಮೀಟರಿನಷ್ಟೆ. ಅಂತರ ನೋಡಿ. ಕೈಯಿಂದ ನಳ ಮುಚ್ಚುವಾಗ ಅಷ್ಟು ಪೂರ್ತಿ ಏಟು ಬೀಳುವುದಿಲ್ಲ, ಏಕೆಂದರೆ ಕೈ ಅಷ್ಟು ಚುರುಕಲ್ಲ. ಆದರೆ ಅದರ ಒಂದು ಪಾಲು ಬಿದ್ದರೂ ಹಳೆಯ ಜೋಡಣೆಗಳು ಸಡಿಲಾಗಲು ಸಾಕು. ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ ಏಟು ಕಡಿಮೆ.

ಇದೇ ಏಟನ್ನು ಒಳ್ಳೆಯದಕ್ಕೆ ಬಳಸಿದವರೂ ಇದ್ದಾರೆ. ತಮ್ಮನ ಜೊತೆಗೂಡಿ 1783ರಲ್ಲಿ ಬಿಸಿಗಾಳಿಯ ಬಲೂನು ಹಾರಿಸಿದ ಫ್ರಾನ್ಸಿನ ಜೋಸೆಫ್ ಮೊಂಗೊಲ್ಫಿಯೆ, 1796ರಲ್ಲಿ ಜಲಾಘಾತದ ಬಲದಿಂದಲೇ ನೀರನ್ನು ಎತ್ತರಕ್ಕೆ ಏರಿಸುವ ಯಂತ್ರ ಮಾಡಿದರು. ಕರೆಂಟೂ ಬೇಡ, ಎಣ್ಣೆಯೂ ಬೇಡ. ಹರಿಯುವ ತೊರೆಯೊಂದಿದ್ದರೆ ಸಾಕು.

ಹಳೆಯ ಹಿತ್ತಾಳೆಯ ತಿರುಗಿಸುವ ನಳ ನಾಲ್ಕಾರು ಸುತ್ತು ತಿರುಗಿ ನಿಧಾನವಾಗಿ ಮುಚ್ಚುತ್ತಿತ್ತು. ಈಗಿನ ಕಾಲು ಸುತ್ತಿನ ನಳ ಬೆರಳಲ್ಲಿ ತಟ್ಟಿದರೆ ಮುಚ್ಚುತ್ತದೆ. ಬಟ್ಟೆ ಒಗೆಯುವ ಯಂತ್ರ, ನೀರು ಶುದ್ಧಿಯಂತ್ರಗಳಲ್ಲಿ ಕರೆಂಟಿನಿಂದ ಮುಚ್ಚುವ ವಾಲ್ವ್ ಇನ್ನೂ ಚುರುಕು. ಪರೀಕ್ಷೆ ಸುಲಭ: ನಳವನ್ನು ಮೂರು ಎಣಿಸುತ್ತ ನಿಧಾನವಾಗಿ ಮುಚ್ಚಿ. ಸದ್ದು ಹೋದರೆ ಕಾರಣ ಇದೇ. ಔಷಧವೂ ಇದೇ. ಯಂತ್ರದಿಂದ ಆಗುತ್ತಿದ್ದರೆ ಅದಕ್ಕೆ ಹೋಗುವ ಆಂಗಲ್ ಕಾಕನ್ನು ಅರ್ಧ ಮುಚ್ಚಿ ಹರಿವು ಕಡಿಮೆ ಮಾಡಿ. ಆಗಲೂ ಹೋಗದಿದ್ದರೆ ಆಘಾತ ತಡೆಯುವ ಚಿಕ್ಕ ಡಬ್ಬಿ ಸಿಗುತ್ತದೆ, ವಾಲ್ವಿನ ಹತ್ತಿರವೇ ಕೂಡಿಸಬೇಕು. ಮೇಲ್ತುದಿ ಮುಚ್ಚಿದ ಒಂದು ಅಡಿ ಪೈಪನ್ನು ನಿಲ್ಲಿಸಿ ಅದರಲ್ಲಿ ಗಾಳಿ ಉಳಿಯುವಂತೆ ಮಾಡುವ ಹಳೆಯ ಪದ್ಧತಿಯೂ ಉಂಟು. ಆದರೆ ಆ ಗಾಳಿ ಕ್ರಮೇಣ ನೀರಿನಲ್ಲಿ ಕರಗಿಹೋಗುತ್ತದೆ. ಆಗಾಗ ಪೈಪು ಖಾಲಿ ಮಾಡಿ ಗಾಳಿ ತುಂಬಬೇಕು.

ಬೇರೆ ಬೇರೆ ಸದ್ದು, ಬೇರೆ ಬೇರೆ ಕಾರಣ

ನಳ ಅರ್ಧ ತೆರೆದಾಗ ‘ಗರ್ರ್’ ಎಂದು ಅದುರಿ, ಪೂರ್ತಿ ತೆರೆದಾಗ ನಿಂತರೆ ಅದು ಆ ನಳದ್ದೇ ದೋಷ. ಒಳಗಿನ ವಾಷರ್ ಸವೆದಿದೆ ಅಥವಾ ಸಡಿಲಾಗಿದೆ. ವಾಷರ್ ಬದಲಿಸುವುದು ಕೆಲವೇ ರೂಪಾಯಿಯ ಕೆಲಸ.

ಟಾಕಿ ತುಂಬುತ್ತ ಬಂದಂತೆ ‘ಗೂಂ’ ಎಂಬ ಕೊರಗು ಕೇಳಿದರೆ ಬಾಲ್ ಕಾಕು ನೋಡಿ. ಅದರ ಕೀಲು ಸವೆದಿರಬಹುದು, ಚೆಂಡಿನೊಳಗೆ ನೀರು ಹೊಕ್ಕಿರಬಹುದು. ನೀರು ನೇರವಾಗಿ ಮೇಲಿಂದ ಬಿದ್ದು ಅಲೆ ಎಬ್ಬಿಸುತ್ತಿದ್ದರೆ ಚೆಂಡು ಕುಣಿಯುತ್ತದೆ. ಬೀಳುವ ನೀರು ಚೆಂಡಿನಿಂದ ದೂರ ಹೋಗುವಂತೆ ತಿರುಗಿಸಬೇಕು.

ಸಿಳ್ಳೆಯಂಥ ಸದ್ದು ಇಕ್ಕಟ್ಟಿನ ಗುರುತು. ಯಾವುದೋ ವಾಲ್ವ್ ಅರ್ಧ ತೆರೆದು ಉಳಿದಿದೆ, ಇಲ್ಲವೆ ನಳದ ಬಾಯಿಯ ಜಾಳಿಗೆಯಲ್ಲಿ ಮರಳು ಕೂತಿದೆ. ಕಳಚಿ ತೊಳೆದರೆ ಆಯಿತು. ವಯನಾಡು, ನೀಲಗಿರಿಯಂಥ ಬೆಟ್ಟದ ಸೀಮೆಯಲ್ಲಿ ಗುಡ್ಡದ ಮೇಲೆ ಟಾಕಿ ಇಟ್ಟು ಕೆಳಗಿನ ಮನೆಗೆ ನೀರು ಇಳಿಸುವವರು ಎತ್ತರವನ್ನು ಗಮನಿಸಬೇಕು. 30 ಮೀಟರ್ ಎತ್ತರದ ಟಾಕಿ 6 ಮೀಟರಿನದಕ್ಕಿಂತ ಐದು ಪಟ್ಟು ಒತ್ತುತ್ತದೆ. ಅಂಥಲ್ಲಿ ಒತ್ತಡ ಇಳಿಸುವ ವಾಲ್ವ್, ಅಥವಾ ನಡುವೆ ಇನ್ನೊಂದು ಚಿಕ್ಕ ಟಾಕಿ ಬೇಕಾಗುತ್ತದೆ.

ನಳ ತೆರೆದಾಗ ಉಸ್ ಪುಸ್ ಎಂದು ಗಾಳಿ ಉಗುಳಿ ಆಮೇಲೆ ನೀರು ಬಂದರೆ ಪೈಪಿನಲ್ಲಿ ಗಾಳಿ ಸೇರಿದೆ. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಖಾಲಿ ಲೈನಿನ ಗಾಳಿಯನ್ನು ನೀರು ಮುಂದಕ್ಕೆ ತಳ್ಳುತ್ತ ಬರುತ್ತದೆ. ಮನೆಯಲ್ಲಿ ಮೀಟರ್ ಇದ್ದರೆ ಆ ಗಾಳಿಗೂ ಅದು ತಿರುಗಬಹುದು. ಮನೆಯೊಳಗಿನ ಪೈಪಿನಲ್ಲಿಯೇ ಗಾಳಿ ಸಿಕ್ಕಿಕೊಳ್ಳುತ್ತಿದ್ದರೆ ತಾರಸಿಯ ಟಾಕಿಯಿಂದ ಇಳಿಯುವ ಪೈಪಿಗೆ ಗಾಳಿಪೈಪು ಇದೆಯೇ ನೋಡಿ. ಅದು ಟಾಕಿಯ ನೀರಿನ ಮಟ್ಟಕ್ಕಿಂತ ಮೇಲೆ ಎದ್ದು ನಿಂತಿರಬೇಕು. ಅನೇಕ ಮನೆಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ.

ಬಿಸಿನೀರು ಬಿಟ್ಟಾಗ ಮತ್ತು ನಿಲ್ಲಿಸಿದ ಮೇಲೆ ‘ಟಿಕ್ ಟಿಕ್’ ಎಂದರೆ ಪೈಪು ಹಿಗ್ಗಿ ಕುಗ್ಗುತ್ತಿದೆ. 10 ಮೀಟರ್ ಉದ್ದದ ಕಬ್ಬಿಣದ ಪೈಪು 40 ಡಿಗ್ರಿ ಕಾದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಸಿ.ಪಿ.ವಿ.ಸಿ. ಪೈಪು ಸುಮಾರು 25 ಮಿಲಿಮೀಟರ್, ಎಂದರೆ ಒಂದು ಇಂಚು ಬೆಳೆಯುತ್ತದೆ. ಗೋಡೆಯ ತೂತಿನಲ್ಲಿ ಸಿಮೆಂಟು ಬಿಗಿದಿದ್ದರೆ ಅದು ತಿಣುಕುತ್ತದೆ. ಕ್ಲ್ಯಾಂಪಿನೊಳಗೆ ರಬ್ಬರಿನ ಪಟ್ಟಿ ಇಟ್ಟು ಪೈಪಿಗೆ ಸರಿದಾಡಲು ಎಡೆ ಕೊಡಬೇಕು.

ಗೀಸರಿನೊಳಗೇ ಕೊತಕೊತ, ಗುಡುಗುಡು ಸದ್ದಾದರೆ ಒಳಗೆ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ಸವಳು ಬೋರ್‌ವೆಲ್ ನೀರಿನ ನಮ್ಮ ಒಣಸೀಮೆಯಲ್ಲಿ ಇದು ಬಹಳ. ಮೆಕ್ಯಾನಿಕ್ ಕಡೆಯಿಂದ ಒಳಗಿನ ಸುಣ್ಣ ತೆಗೆಸಬೇಕು. ಗೀಸರಿನ ಸುರಕ್ಷಾ ವಾಲ್ವ್ ಹನಿಸುತ್ತದೆಂದು ಅದಕ್ಕೆ ಬಿರಡೆ ಜಡಿಯುವುದು ಅಪಾಯ. ಕಾದ ನೀರಿನ ಒತ್ತಡಕ್ಕೆ ಅದೊಂದೇ ಹೊರದಾರಿ.

ಮೋಟಾರು ನಿಂತೊಡನೆ, ಅಥವಾ ಕರೆಂಟು ಹೋದೊಡನೆ ಒಂದೇ ದೊಡ್ಡ ಏಟು ಕೇಳಿದರೆ ಏರುಪೈಪಿನ ನೀರು ಹಿಂದಕ್ಕೆ ಬಿದ್ದು ಹಿಮ್ಮುಖ ತಡೆಯುವ ವಾಲ್ವನ್ನು ಬಡಿಯುತ್ತಿದೆ. ಸ್ಪ್ರಿಂಗ್ ಇರುವ ವಾಲ್ವ್ ನೀರು ಹಿಂದಿರುಗುವ ಮೊದಲೇ ಮುಚ್ಚುವುದರಿಂದ ಏಟು ಕಡಿಮೆಯಾಗುತ್ತದೆ. ಮೋಟಾರಿನೊಳಗೆ ಹರಳು ತಿರುವಿದಂಥ ಸದ್ದಾದರೆ ಅದಕ್ಕೆ ನೀರು ಸಾಲುತ್ತಿಲ್ಲ. ಕೂಡಲೇ ನಿಲ್ಲಿಸಿ ಕೆಳಗಿನ ಫುಟ್ ವಾಲ್ವ್ ಮತ್ತು ಅದರ ಜಾಳಿಗೆ ನೋಡಿಸಬೇಕು.

ಬಚ್ಚಲಿನ ಹೊರನೀರು ‘ಗಳಗಳ’ ಎಂದು, ಜೊತೆಗೆ ನಾರುತ್ತಿದ್ದರೆ ಕೊಳಚೆ ಪೈಪಿನ ಗಾಳಿಬಾಯಿ ಮುಚ್ಚಿಹೋಗಿದೆ. ತಾರಸಿಯಲ್ಲಿ ಆ ಬಾಯಿಯೊಳಗೆ ಕೋಲು ತೂರುವ ಮೊದಲು ಕಣ್ಣಿಟ್ಟು ನೋಡಿ. ಗುಬ್ಬಿ, ಮೈನಾ ಗೂಡು ಕಟ್ಟಿರಬಹುದು, ಮರಿಗಳಿರಬಹುದು. ಮರಿ ಹಾರಿಹೋಗುವ ತನಕ ಒಂದೆರಡು ವಾರ ಗಳಗಳ ಸದ್ದನ್ನು ಸಹಿಸಿಕೊಂಡರೆ ನಷ್ಟವಿಲ್ಲ. ಆಮೇಲೆ ಶುಚಿ ಮಾಡಿಸಿ ಬಾಯಿಗೆ ಜಾಳಿಗೆಯ ಟೊಪ್ಪಿಗೆ ಹಾಕಿಸಿ.

ಸೋಸುವ ಬಟ್ಟೆಯ ಸಾಕ್ಷಿ

ನೀರು ಸೋಸುವ ಬಟ್ಟೆ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಬೇಕು, ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ ಎಂಬುದನ್ನು ನಮ್ಮ ತಾಯಂದಿರು ಗಡಿಯಾರ ನೋಡದೆಯೇ ಪಾಲಿಸಿಕೊಂಡು ಬಂದವರು. ಆಹಾರದ ಚೌಕಕ್ಕೆ ಇಂದಿಗೂ ಬಾವಿಯ ನೀರನ್ನೇ ಹುಡುಕಿ ತರುವ ಮನೆಗಳಿವೆ. ನಳದ ನೀರು ಬಳಸುವವರು ನಳದ ಬಾಯಿಗೆ ಬಟ್ಟೆ ಕಟ್ಟುತ್ತಾರೆ.

ಆ ಬಟ್ಟೆಯನ್ನು ತೊಳೆಯುವ ಮೊದಲು ಬೆಳಕಿಗೆ ಹಿಡಿದು ನೋಡುವ ರೂಢಿ ಇಟ್ಟುಕೊಳ್ಳಿ. ಕೆಂಪು-ಕಂದು ಪುಡಿ ಕಂಡರೆ ಜಿ.ಐ. ಪೈಪು ಒಳಗೆ ತುಕ್ಕು ಹಿಡಿದಿದೆ. ಕರಿಯ ಮೆತ್ತನೆಯ ಚೂರು ಕಂಡರೆ ಯಾವುದೋ ವಾಷರ್ ಕರಗುತ್ತಿದೆ. ಬಿಳಿಯ ಗರಸು ಬಂದರೆ ಸುಣ್ಣ. ಮಣ್ಣು ಒಮ್ಮೆಲೆ ಹೆಚ್ಚಾದರೆ ಹೊರಗಿನ ಲೈನು ಎಲ್ಲೋ ಒಡೆದಿರಬಹುದು, ಆಗ ಕುದಿಸದೆ ಕುಡಿಯಬಾರದು. ಸದ್ದಿನ ಕಿರ್ದಿಯ ಜೊತೆಗೆ ಈ ಬಟ್ಟೆಯ ಗುರುತನ್ನೂ ಬರೆದಿಟ್ಟರೆ ಕೆಲಸಗಾರನಿಗೆ ಹುಡುಕಾಟವೇ ಇರುವುದಿಲ್ಲ.

ಎಲ್ಲ ಮುಚ್ಚಿದರೂ ಕೇಳುವ ಸದ್ದು

ಎಲ್ಲಕ್ಕಿಂತ ಗಂಭೀರವಾದದ್ದು ಅತಿ ಮೆಲ್ಲನೆಯ ಸದ್ದು. ನಡುರಾತ್ರಿ ಎಲ್ಲ ನಳ ಮುಚ್ಚಿದ್ದರೂ ಗೋಡೆಯಲ್ಲಿ ‘ಸ್ಸ್’ ಎಂದು ಕೇಳುತ್ತಿದ್ದರೆ ನೀರು ಎಲ್ಲೋ ಸೋರುತ್ತಿದೆ. ಮಲಗುವ ಮುನ್ನ ತಾರಸಿಯ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. 1 ಮೀಟರ್ ಅಗಲದ ದುಂಡು ಟಾಕಿಯಲ್ಲಿ 1 ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ಹೋಗಿದೆ ಎಂದು ಲೆಕ್ಕ. ಸೆಕೆಂಡಿಗೆ ಒಂದು ಹನಿ ಸೋರುವ ನಳದಿಂದ ದಿನಕ್ಕೆ 25ರಿಂದ 30 ಲೀಟರ್, ವರ್ಷಕ್ಕೆ ಹತ್ತು ಸಾವಿರ ಲೀಟರಿನ ಸುಮಾರು ಹೋಗುತ್ತದೆ. ಟ್ಯಾಂಕರ್ ನೀರಿಗೆ ಕಾಯುವ ಬೇಸಿಗೆ ಕಂಡ ನಮ್ಮ ಸೀಮೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಹಣವಲ್ಲದೆ ಗೋಡೆ ನೆನೆದು, ಕರೆಂಟಿನ ತಂತಿಗೆ ತೇವ ತಾಗಿದರೆ ಜೀವಕ್ಕೇ ಅಪಾಯ.

ನೀರು ಅಪ್ಕಾಯಿಕ ಜೀವಗಳ ಶರೀರವೆಂದು ನಾವು ನಂಬುತ್ತೇವೆ. ಅಗತ್ಯಕ್ಕೆ ಬಳಸುವುದು ಗೃಹಸ್ಥನಿಗೆ ಬಿಡಲಾಗದ್ದು. ಕಾರಣವಿಲ್ಲದೆ ಹರಿಯಬಿಡುವುದು ಅನರ್ಥದಂಡ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ನೀರಿನ ನಿಷ್ಫಲ ವ್ಯಯವನ್ನು ಪ್ರಮಾದಚರ್ಯೆಯಲ್ಲಿ ಎಣಿಸಲಾಗಿದೆ. ಪ್ರಮಾದ ಎಂದರೆ ಎಚ್ಚರ ತಪ್ಪುವುದು. ತಿಂಗಳುಗಟ್ಟಲೆ ಸೋರುವ ಪೈಪನ್ನು ‘ನಾಳೆ ನೋಡಿದರಾಯಿತು’ ಎಂದು ಬಿಡುವುದಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ.

ಕಡೆಯದಾಗಿ ನಾಲ್ಕು ಮಾತು

ಮೋಟಾರು, ಗೀಸರ್ ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆಯಿರಿ. ಒದ್ದೆ ಕೈ, ಬರಿಗಾಲು ಬೇಡ. ಬಾಲ್ ಕಾಕು, ವಾಷರ್, ಕ್ಲ್ಯಾಂಪು ಮನೆಯವರೇ ನೋಡಿಕೊಳ್ಳಬಹುದಾದವು. ಗೀಸರ್, ಒತ್ತಡದ ಪಂಪು ಮತ್ತು ಗೋಡೆಯೊಳಗಿನ ಜೋಡಣೆ ಬಲ್ಲವರ ಕೆಲಸ. ಕೆಲಸಗಾರ ಬಂದಾಗ ‘ಸದ್ದು ಬರುತ್ತದೆ’ ಎನ್ನುವ ಬದಲು ಕಿರ್ದಿಯ ಹಾಳೆ ಅವನ ಕೈಗೆ ಕೊಡಿ. ಹೊಸ ಮನೆ ಕಟ್ಟಿಸುವವರು ಪ್ಲಾಸ್ಟರ್ ಆಗುವ ಮೊದಲು ಪೈಪು ಹೋದ ದಾರಿಯ ಫೋಟೋ ತೆಗೆಸಿ ಮನೆಪತ್ರಗಳ ಜೊತೆ ಇಡಿ. ಮಕ್ಕಳು ಮೊಮ್ಮಕ್ಕಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ಭಾದ್ರಪದದ ದಶಲಕ್ಷಣ ಪರ್ವಕ್ಕೆ ಮುಂಚೆ ಹೇಗೂ ಮನೆ ಸಾರಿಸಿ ಶುಚಿ ಮಾಡುತ್ತೇವೆ. ಅದೇ ವಾರದಲ್ಲಿ ಒಂದು ತಾಸು ಮನೆಯ ನೀರಿನ ದಾರಿಗೂ ಕೊಡಿ: ಟಾಕಿ, ಚೆಂಡು, ಕ್ಲ್ಯಾಂಪು, ನಳದ ಬಾಯಿ. ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ತೋರಿಸಿ. ವ್ರತ-ಉಪವಾಸದ ಆ ಹತ್ತು ದಿನ ಜಪಕ್ಕೆ ಕುಳಿತ ಹಿರಿಯರ ಕೋಣೆ ನಿಶ್ಶಬ್ದವಾಗಿದ್ದರೆ ಆ ಒಂದು ತಾಸಿನ ಫಲ ಸಿಕ್ಕಂತೆಯೇ. ಮೇಲಿನ ಮನೆಯಿಂದಲೋ ಪಕ್ಕದ ಮನೆಯಿಂದಲೋ ಸದ್ದು ಕೇಳಿಬಂದರೆ, ಮಾತಾಡುವ ಮೊದಲು ಒಂದು ವಾರ ಕಿರ್ದಿ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದಲ್ಲಿ ನೆನೆಯುವ ಗೋಡೆಯ ವಿಚಾರ ಬರೆಯುತ್ತೇವೆ.

ಜೈ ಜಿನೇಂದ್ರ.